ಮೀಟಿಂಗ್ ಹೊತ್ತು ಬದಲಾದ ಮೇಲೆ

ಬಟ್ಟೆ ಕಾರ್ಖಾನೆಯ ಯೂನಿಯನ್‌ನಲ್ಲೂ ಇದ್ದೆ, ಹೊರಗೆ ಮಹಿಳಾ ಗುಂಪೊಂದರಲ್ಲೂ ಇದ್ದೆ. ಇಬ್ಬರಿಗೂ ಅಷ್ಟಕ್ಕಷ್ಟೇ. ಯೂನಿಯನ್‌ನಲ್ಲಿ ಸೂಪರ್‌ವೈಸರ್ ಬೈಗುಳದ ಮಾತೆತ್ತಿದರೆ, 'ಅದು ಹೆಂಗಸರ ವಿಷಯ, ಮೊದಲು ಸಂಬಳ' ಅನ್ನುತ್ತಿದ್ದರು. ಗುಂಪಿನಲ್ಲಿ ಸಂಬಳ ಅಂದರೆ, 'ಅದನ್ನು ಯೂನಿಯನ್ ನೋಡಿಕೊಳ್ಳುತ್ತೆ ಬಿಡಿ.' ಮಿಷನ್ ಮುಂದೆ ಕೂತವಳಿಗೆ ಎರಡೂ ಬೇರೆಯಲ್ಲ. ಟಾಯ್ಲೆಟ್‌ಗೆ ಎದ್ದರೆ ಟಾರ್ಗೆಟ್ ಮುಟ್ಟಲ್ಲ, ಟಾರ್ಗೆಟ್ ಮುಟ್ಟದಿದ್ದರೆ ಬೈಗುಳ. ಅದಕ್ಕೇ ನೀರೇ ಕುಡಿಯದೆ ಕೂರುತ್ತಿದ್ದರು.

ಮೊದಲು ಮೀಟಿಂಗ್ ಹೊತ್ತು ಬದಲಾಯಿಸಿದೆವು. ಸಂಜೆ ಹೆಂಗಸರು ನಿಲ್ಲಲ್ಲ. ಮನೆಯಲ್ಲಿ ಇನ್ನೊಂದು ಶಿಫ್ಟ್ ಕಾದಿರುತ್ತೆ, ಅಲ್ವಾ? ಊಟದ ವಿರಾಮಕ್ಕೆ ತಂದದ್ದೇ ತಡ, ಬೇಡಿಕೆ ಪಟ್ಟಿಗೆ ಟಾಯ್ಲೆಟ್‌ಗೆ ಹೋಗಲು ಟೋಕನ್ ತಗೋಬೇಕಾದ ಪದ್ಧತಿ, ರಾತ್ರಿ ಬಸ್ಸು, ಬೈಗುಳ ಎಲ್ಲಾ ಬಂತು.

ಸಹಿ ಹಾಕಲು ಭಯ. ಮೊದಲ ಹೆಸರಿನವಳನ್ನೇ ಕರೆದು ಗದರಿಸುತ್ತಾರೆ. ಯೂನಿಯನ್ನಿನ ಹಿರಿಯರೊಬ್ಬರು ಹಳೇ ಉಪಾಯ ಹೇಳಿಕೊಟ್ಟರು. ಹಾಳೆಯ ನಡುವೆ ಬೇಡಿಕೆ ಬರೆದು, ಸುತ್ತ ಚಕ್ರದ ಹಾಗೆ ಸಹಿ ಹಾಕಿಸಿದೆವು. ಯಾರು ಮೊದಲು, ಯಾರು ಕೊನೆ, ಗೊತ್ತಾಗಲ್ಲ. ಮ್ಯಾನೇಜರ್ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು!

ಬಸ್ಸಿನ ವಾದ ಬಂದದ್ದು ಮಹಿಳಾ ಗುಂಪಿನಿಂದ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2019ರ 190ನೇ ಒಪ್ಪಂದದ ಪ್ರಕಾರ ಕೆಲಸಕ್ಕೆ ಹೋಗಿ ಬರುವ ದಾರಿಯಲ್ಲಿ ಆಗುವ ಕಿರುಕುಳವೂ ಕೆಲಸದ ಜಾಗದ ಕಿರುಕುಳವೇ. ಅದನ್ನು ಓದಿ ಹೇಳಿದ ಮೇಲೆ 'ಗೇಟಿನಾಚೆ ನಮಗೆ ಸಂಬಂಧವಿಲ್ಲ' ಅನ್ನುವ ಮ್ಯಾನೇಜರ್ ಮಾತು ನಡೆಯಲಿಲ್ಲ.

ಕಷ್ಟ ಆದದ್ದು ಸಂಬಳದ ಗ್ರೇಡ್ ವಿಷಯ. ಹೊಲಿಗೆ ಕೆಳಗಿನ ಗ್ರೇಡ್, ಕಟಿಂಗ್ ಮೇಲಿನದು. ಕಟಿಂಗ್‌ನಲ್ಲಿ ಇರುವವರೆಲ್ಲ ಗಂಡಸರು. ತಮ್ಮ ಪಾಲು ಕಮ್ಮಿಯಾಗುತ್ತೆ ಅಂತ ಅವರಿಗೆ ಅನುಮಾನ. ಸುಮ್ನೆ ಜಗಳಕ್ಕೆ ಹೋಗದೆ ಡಾಗೆನ್‌ಹ್ಯಾಮ್ ಕಥೆ ಹೇಳಿದೆ. 1968ರಲ್ಲಿ ಇಂಗ್ಲೆಂಡಿನ ಆ ಫೋರ್ಡ್ ಕಾರ್ಖಾನೆಯಲ್ಲಿ ಸೀಟಿನ ಕವರ್ ಹೊಲಿಯುವ ಹೆಂಗಸರು ಮುಷ್ಕರ ಹೂಡಿದರು. ಸೀಟಿಲ್ಲದೆ ಕಾರು ಹೊರಡುವುದೆಲ್ಲಿಂದ? 1970ರಲ್ಲಿ ಸಮಾನ ವೇತನ ಕಾಯ್ದೆ ಬರಲು ಆ ಮುಷ್ಕರವೂ ಒಂದು ಕಾರಣ. ಆದರೆ ಅವರ ಹೊಲಿಗೆಗೆ ಕುಶಲ ಕೆಲಸದ ಗ್ರೇಡ್ ಸಿಗಲು 1984ರಲ್ಲಿ ಮತ್ತೆ ಮುಷ್ಕರ ಮಾಡಬೇಕಾಯಿತು.

'ಹೊಲಿಗೆ ಅಗ್ಗಕ್ಕೆ ಸಿಕ್ಕರೆ ನಾಳೆ ಕಟಿಂಗನ್ನೂ ಅಗ್ಗ ಮಾಡ್ತಾರೆ' ಅಂತ ಕಟಿಂಗ್‌ನವರೊಬ್ಬರೇ ಎದ್ದು ಹೇಳಿದರು. ನಾನು ಹೇಳಿದ್ದಕ್ಕಿಂತ ಅದು ಜಾಸ್ತಿ ನಾಟಿತು.

ಟೋಕನ್ ಹೋಯಿತು, ಬಸ್ಸು ಬಂತು. ಗ್ರೇಡ್ ಇನ್ನೂ ಮಾತುಕತೆಯಲ್ಲಿದೆ. ಮಾತುಕತೆಗೆ ಕೂರುವವರಲ್ಲಿ ಅರ್ಧದಷ್ಟು ಹೆಂಗಸರು ಇರಲೇಬೇಕು ಅಂತ ಯೂನಿಯನ್ ನಿಯಮದಲ್ಲೇ ಬರೆಸಿದ್ದೇವೆ.