ಆಯಿಯ ಬುಗುಡಿಗಾಗಿ ಹನ್ನೊಂದು ತಿಂಗಳು

ನಮ್ಮ ಆಯಿಯ, ಅಂದರೆ ಅಜ್ಜಿಯ, ಎರಡೂ ಕಿವಿಯ ಮೇಲ್ಭಾಗದಲ್ಲಿ ಬುಗುಡಿ ಇದ್ದವು. ಸುತ್ತ ಮುತ್ತು, ನಡುವೆ ಕೆಂಪು ಹರಳು, ಹಿಂದೆ ತಿರುಪು. ಹೋದ ವರ್ಷ ಅವನ್ನು ಬಿಚ್ಚಿ ನನ್ನ ಅಂಗೈಯಲ್ಲಿಟ್ಟು, "ಇನ್ನ ನೀ ಹಾಕ್ಕೋ ತಂಗಿ" ಎಂದಳು. ನನಗೆ ಕಿವಿ ಹಾಲೆಯಲ್ಲಿ ಮಾತ್ರ ತೂತು ಇತ್ತು. ಗಣಪತಿ ಹಬ್ಬ ಮುಗಿದ ವಾರ ಹುಬ್ಬಳ್ಳಿಯಲ್ಲಿ ಬಲಗಿವಿಯ ಮೇಲ್ಭಾಗ ಚುಚ್ಚಿಸಿಕೊಂಡೆ.

ಒಂದೇ ಕಿವಿ. ಎರಡೂ ಕಿವಿ ಒಟ್ಟಿಗೆ ಚುಚ್ಚಿಸಿದರೆ ಯಾವ ಮಗ್ಗುಲಿಗೆ ಮಲಗುವುದು? ಇದು ನಾನು ಮೊದಲೇ ಯೋಚಿಸಿದ ಒಳ್ಳೆಯ ವಿಚಾರ.

ಮೊದಲು ಹೋದ ಅಂಗಡಿಯಲ್ಲಿ ಕಿವಿ ಚುಚ್ಚುವ ಗನ್ ತೆಗೆದರು. ನಾನು ಎದ್ದು ಬಂದೆ. ಗನ್ ಮೊಂಡ ಕಡ್ಡಿಯನ್ನು ಜೋರಾಗಿ ಒತ್ತಿ ತೂರಿಸುತ್ತದೆ. ಹಾಲೆ ಮೆತ್ತಗಿರುತ್ತದೆ, ತಡೆದುಕೊಳ್ಳಬಹುದು. ಮೇಲಿನ ಎಲುಬಿನಂಥ ಭಾಗಕ್ಕೆ ಆ ಪೆಟ್ಟು ಜಾಸ್ತಿ. ಅದೂ ಅಲ್ಲದೆ ಪ್ಲಾಸ್ಟಿಕ್ ಗನ್ ಅನ್ನು ಆಟೋಕ್ಲೇವ್‌ನಲ್ಲಿ ಬಿಸಿ ಹಬೆಗೆ ಇಟ್ಟು ಶುದ್ಧ ಮಾಡಲು ಆಗುವುದಿಲ್ಲ. ಇನ್ನೊಂದು ಕಡೆ ಹೋದೆ. ಅಲ್ಲಿ ಹೊಸ ಸೂಜಿಯ ಪಾಕೀಟನ್ನು ನನ್ನ ಎದುರೇ ಒಡೆದು ಚುಚ್ಚಿದರು. ಟೈಟಾನಿಯಂ ಕಡ್ಡಿ ಹಾಕಿದರು. ನನಗೆ ಇಮಿಟೇಶನ್ ಓಲೆ ಹಾಕಿದರೆ ತುರಿಕೆ ಬರುತ್ತದೆ. ಅದು ಹೆಚ್ಚಾಗಿ ನಿಕ್ಕಲ್‌ನಿಂದ ಬರುವ ತೊಂದರೆ. ಹಾಗಾಗಿ ಲೋಹದ ವಿಷಯದಲ್ಲಿ ನಾನು ರಾಜಿ ಆಗಲಿಲ್ಲ.

ಮೊದಲ ಎರಡು ವಾರ ಎಲ್ಲ ಸರಿ ಇತ್ತು. ಕೆಲಸವೂ ಕಡಿಮೆ. ಮೆಡಿಕಲ್‌ನಲ್ಲಿ ನಾರ್ಮಲ್ ಸಲೈನ್ ಅಂತ ಕೇಳಿದರೆ 100 ಎಂಎಲ್ ಬಾಟಲಿ ಸಿಗುತ್ತದೆ. ಅದರಲ್ಲಿ ಉಪ್ಪು 0.9 ಶೇಕಡಾ, ನಮ್ಮ ಮೈಗೆ ಹೊಂದುವಷ್ಟೇ. ಸೋಪಿನಿಂದ ಕೈ ತೊಳೆದು, ಗಾಜ್ ಬಟ್ಟೆಯ ಮೇಲೆ ಸಲೈನ್ ಸುರಿದು, ಕಿವಿಗೆ ಎರಡು ನಿಮಿಷ ಒತ್ತಿ ಹಿಡಿಯುತ್ತಿದ್ದೆ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ. ಕಡ್ಡಿಯ ಸುತ್ತ ಕಟ್ಟಿದ ಹಕ್ಕಳೆ ನೆನೆದು ತಾನೇ ಬಿಡುತ್ತದೆ. ಉಗುರಿನಿಂದ ಕೀಳಬಾರದು. ಹತ್ತಿಯನ್ನೂ ಬಿಟ್ಟೆ, ಅದರ ಎಳೆ ಕಡ್ಡಿಗೆ ಸುತ್ತಿಕೊಳ್ಳುತ್ತದೆ. ಒಮ್ಮೆ ತೆರೆದ ಬಾಟಲಿಯನ್ನು ಜಾಸ್ತಿ ದಿನ ಇಟ್ಟುಕೊಳ್ಳುತ್ತಿರಲಿಲ್ಲ. ನಮ್ಮಲ್ಲಿ ನಳದ ನೀರು ದಿನಾ ಬರುವುದಿಲ್ಲ, ಟ್ಯಾಂಕಿನಲ್ಲಿ ನಿಂತ ನೀರೇ ಸ್ನಾನಕ್ಕೆ. ಅದಕ್ಕೆ ತಲೆ ಸ್ನಾನ ಮಾಡಿದ ದಿನ ಕೊನೆಗೆ ಒಂದು ತಂಬಿಗೆ ಕುದಿಸಿ ಆರಿಸಿದ ನೀರನ್ನು ಕಿವಿಯ ಮೇಲೆ ಹಾಕಿಕೊಳ್ಳುತ್ತಿದ್ದೆ.

ಮೂರನೇ ವಾರ ತುರಿಕೆ ಶುರುವಾಯಿತು. ಆಗ ನಾನು ತಪ್ಪು ಮಾಡಿದೆ. ಚಿಕ್ಕವಳಿದ್ದಾಗ ಕಿವಿ ಚುಚ್ಚಿಸಿದ ಮೇಲೆ ಅವ್ವ ಕೊಬ್ಬರಿ ಎಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚುತ್ತಿದ್ದಳು, ಓಲೆಯನ್ನು ಮೆಲ್ಲಗೆ ತಿರುಗಿಸುತ್ತಿದ್ದಳು. ಅದೇ ನೆನಪಾಗಿ ನಾಲ್ಕು ದಿನ ಹಾಗೇ ಮಾಡಿದೆ. ಐದನೇ ದಿನ ಕನ್ನಡಿಯಲ್ಲಿ ನೋಡಿದರೆ ಕಡ್ಡಿಯ ಪಕ್ಕದಲ್ಲೇ ಜೋಳದ ಕಾಳಿನಷ್ಟು ಕೆಂಪು ಗಂಟು. ಮುಟ್ಟಿದರೆ ನೋವು. ಅರಿಶಿನದ ಹಳದಿ ಎಷ್ಟು ಅಂಟಿತ್ತೆಂದರೆ ಕೀವು ಬಂದಿದೆಯೋ ಇಲ್ಲವೋ ಅನ್ನುವುದೇ ತಿಳಿಯುತ್ತಿರಲಿಲ್ಲ.

ಧಾರವಾಡದಲ್ಲಿ ಚರ್ಮದ ಡಾಕ್ಟರ್ ಹತ್ತಿರ ಹೋದೆ. "ಅರಿಶಿನ ಸಾರಿಗೆ ಹಾಕ್ರಿ, ಇಲ್ಲಿಗೆ ಬ್ಯಾಡ್ರಿ" ಎಂದರು. ಅವರು ಹೇಳಿದ ಒಂದು ಮಾತು ಮನಸ್ಸಿನಲ್ಲಿ ಉಳಿಯಿತು. ಕಿವಿಯ ಮೇಲಿನ ಮೆತ್ತನೆ ಎಲುಬಿಗೆ, ಅಂದರೆ ಕಾರ್ಟಿಲೇಜಿಗೆ, ತನ್ನದೇ ರಕ್ತನಾಳ ಇಲ್ಲ. ಸುತ್ತಲಿನ ತೆಳು ಪೊರೆಯಿಂದ ಬಂದಷ್ಟೇ ಅದಕ್ಕೆ ಆಹಾರ. ಹಾಲೆಯ ತೂತು ಆರೆಂಟು ವಾರದಲ್ಲಿ ಮಾಯುತ್ತದೆ, ಇದಕ್ಕೆ ಆರು ತಿಂಗಳಿಂದ ಒಂದು ವರ್ಷ ಬೇಕು. ಒಳಗೆ ಸೋಂಕಾದರೆ ಕಿವಿಯ ಆಕಾರವೇ ಕೆಡಬಹುದು. ಎಣ್ಣೆ ಹಚ್ಚಿದರೆ ಗಾಯದ ನೀರು ಹೊರಗೆ ಬರಲು ದಾರಿ ಇರುವುದಿಲ್ಲ, ಧೂಳೂ ಅಂಟುತ್ತದೆ. ತಿರುಗಿಸಿದರೆ ಒಳಗೆ ಹೊಸದಾಗಿ ಬೆಳೆದ ಚರ್ಮ ಹರಿಯುತ್ತದೆ. ನನ್ನದು ಕಿರಿಕಿರಿಯಿಂದ ಎದ್ದ ಗಂಟು, ಕೀಲಾಯ್ಡ್ ಅಲ್ಲ ಎಂದರು. ಕೀಲಾಯ್ಡ್ ಆದರೆ ಗಾಯದ ಅಂಚು ದಾಟಿ ಬೆಳೆಯುತ್ತಾ ಹೋಗುತ್ತದೆ.

ಬಿಳಿ ನೀರು ಬಂದು ಒಣಗುವುದು ಸಹಜ. ಆದರೆ ಹಸಿರು ಕೀವು, ಬಿಸಿ, ಮಿಡಿಯುವ ನೋವು, ಹಬ್ಬುವ ಕೆಂಪು, ಜ್ವರ ಕಂಡರೆ ತಡಮಾಡದೆ ಬರಬೇಕು ಎಂದರು. ಗಾಬರಿಯಾಗಿ ಕಡ್ಡಿಯನ್ನು ನಾವೇ ಕಿತ್ತರೆ ತೂತು ಮುಚ್ಚಿ ಕೀವು ಒಳಗೇ ಉಳಿಯಬಹುದಂತೆ.

ನನಗೆ ಬೇಸರವಾಗಿದ್ದು ಆಯಿಯ ವಿಷಯಕ್ಕೆ. ಹಳೆಯ ಪದ್ಧತಿ ಎಲ್ಲ ತಪ್ಪು ಅಂತ ಅವಳಿಗೆ ಹೇಗೆ ಹೇಳುವುದು? ಫೋನ್ ಮಾಡಿ ಎಲ್ಲ ಹೇಳಿದೆ. "ನಮ್ಮವ್ವ ನನಗ ಬೇವಿನಕಡ್ಡಿ ಹಾಕಿ, ಕೈ ಹಚ್ಚಿದ್ರ ಬಡಿತೀನಿ ಅಂದಿದ್ಲು. ನೀ ಯಾಕ ಹಚ್ಚಿದಿ?" ಎಂದಳು. ಡಾಕ್ಟರ್ ಹೇಳಿದ್ದೂ ಅದೇ ಅಲ್ವಾ!

ಅವತ್ತಿನಿಂದ ಸಲೈನ್ ಬಿಟ್ಟು ಬೇರೇನೂ ಹಚ್ಚಲಿಲ್ಲ. ಆದರೂ ಗಂಟು ಪೂರ್ತಿ ಇಳಿಯಲಿಲ್ಲ. ನಾನು ಹುಬ್ಬಳ್ಳಿಯ ಉಣಕಲ್‌ನಿಂದ ಧಾರವಾಡದ ಆಫೀಸಿಗೆ ಸ್ಕೂಟಿಯಲ್ಲಿ ಹೋಗುವವಳು. ಒಂದು ಸಂಜೆ ಹೆಲ್ಮೆಟ್ ತೆಗೆಯುವಾಗ ಗಮನಿಸಿದೆ, ಒಳಗಿನ ಸ್ಪಂಜು ಕಡ್ಡಿಯ ತಲೆಯನ್ನು ಹಿಡಿದು ಕಿವಿಯನ್ನು ಮುಂದಕ್ಕೆ ಮಡಚುತ್ತಿತ್ತು. ದಿನಕ್ಕೆ ನಾಲ್ಕು ಸಲ ಹಾಗೆ ಆದರೆ ಗಾಯ ಮಾಯುವುದು ಎಲ್ಲಿಂದ? ಹೆಲ್ಮೆಟ್ ಬಿಡುವ ಮಾತೇ ಇಲ್ಲ. ಸ್ಕೂಟಿ ಬಿಟ್ಟೆ. ಎರಡು ತಿಂಗಳು ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಓಡಾಡಿದೆ. ಮೂರು ವಾರದಲ್ಲಿ ಗಂಟು ಸಾಸಿವೆಯಷ್ಟಾಯಿತು, ಆಮೇಲೆ ಕಾಣದಾಯಿತು. ಬಸ್ಸಿನಲ್ಲಿ ಕೊರಳಿಗೆ ಹಾಕುವ ದಿಂಬು ಇರುತ್ತದಲ್ಲ, ರಾತ್ರಿ ಅದರ ನಡುವಿನ ಖಾಲಿ ಜಾಗದಲ್ಲಿ ಕಿವಿ ಬರುವಂತೆ ಮಲಗುತ್ತಿದ್ದೆ. ಎಂಟನೇ ವಾರ ಬಾವು ಇಳಿದ ಮೇಲೆ ಚುಚ್ಚಿದವರ ಹತ್ತಿರವೇ ಹೋಗಿ ಗಿಡ್ಡ ಕಡ್ಡಿ ಹಾಕಿಸಿಕೊಂಡೆ. ಮೊದಲಿನ ಉದ್ದ ಕಡ್ಡಿ ಬಾವು ಬಂದರೆ ಜಾಗ ಇರಲಿ ಅಂತ ಹಾಕಿದ್ದು. ಅದನ್ನೇ ಬಿಟ್ಟರೆ ಕೂದಲಿಗೆ, ಸೆರಗಿಗೆ ಸಿಕ್ಕುತ್ತಲೇ ಇರುತ್ತದೆ.

ನಾಲ್ಕನೇ ತಿಂಗಳಿಗೆ ನೋವೇ ಇರಲಿಲ್ಲ. ಬುಗುಡಿ ಹಾಕೋಣ ಅನಿಸಿತು. ಹಾಕಲಿಲ್ಲ. ತೂತು ಹೊರಗಿನಿಂದ ಒಳಗೆ ಮಾಯುತ್ತಾ ಹೋಗುತ್ತದೆ, ಹೊರಗೆ ಚೆನ್ನಾಗಿ ಕಂಡರೂ ನಡುವೆ ಹಸಿ ಇರುತ್ತದೆ. ರಂಗಪಂಚಮಿಗೂ ಹೊರಗೆ ಹೋಗದೆ ಮನೆಯಲ್ಲೇ ಉಳಿದೆ, ಬಣ್ಣದ ಪುಡಿ ಆ ತೂತಿಗೆ ಹೋಗುವುದು ನನಗೆ ಬೇಡವಾಗಿತ್ತು.

ನಾಗರ ಪಂಚಮಿಗೆ ಗದಗ ಹತ್ತಿರದ ತವರಿಗೆ ಹೋದೆ. ಹೋಗುವ ಮೊದಲು ಪತ್ತಾರರಿಂದ ಬುಗುಡಿ ತೊಳೆಸಿದ್ದೆ. ಆಯಿ ಜೋಕಾಲಿಯ ಪಕ್ಕದ ಕಟ್ಟೆಯ ಮೇಲೆ ನನ್ನನ್ನು ಕೂರಿಸಿ, ತಾನೇ ತಿರುಪು ಹಾಕಿದಳು. ನೋವಾಗಲಿಲ್ಲ. ಭಾರ ಇತ್ತು, ಸಂಜೆಗೆ ಬಿಚ್ಚಿಟ್ಟೆ.

ಎಡಗಿವಿಗೆ ಈಗ ಚುಚ್ಚಿಸಿದ್ದೇನೆ. ಇವತ್ತು ಒಂಬತ್ತನೇ ದಿನ. ಬಲ ಮಗ್ಗುಲಿಗೆ ಮಲಗುತ್ತಿದ್ದೇನೆ, ಸ್ಕೂಟಿ ಮನೆಯಲ್ಲಿದೆ.