ಈಎನ್31 ರೋಲರ್ ಚಿಪ್ಪು ಏಳ್ತಿದ್ದಿದ್ದು ನಿಂತಿದ್ದು ಹೀಗೆ

ನಾವೇ ಮಾಡಿದ ಈಎನ್31 (ಬೇರಿಂಗ್‌ಗೆ ಬಳಸೋ ಹೈ ಕಾರ್ಬನ್ ಕ್ರೋಮಿಯಂ ಸ್ಟೀಲ್) ರೋಲರ್‌ಗಳ ಮೇಲ್ಮೈ ಎರಡೇ ತಿಂಗಳಿಗೆ ಚಿಪ್ಪು ಚಿಪ್ಪಾಗಿ ಎದ್ದು ಬರ್ತಿತ್ತು, ಹಾರ್ಡ್‌ನೆಸ್ ನೋಡಿದ್ರೆ ಮಾತ್ರ 61 ಎಚ್‌ಆರ್‌ಸಿ (ರಾಕ್‌ವೆಲ್ ಸಿ, ಗಡಸುತನದ ಅಳತೆ), ಅಂದ್ರೆ ಪೇಪರಲ್ಲಿ ಎಲ್ಲಾ ಓಕೆ. ಗ್ರೀಸ್ ಬದಲಾಯಿಸಿದೆ, ಆಗ್ಲಿಲ್ಲ. ಹಾರ್ಡನಿಂಗ್ (ಕಾಯಿಸಿ ಎಣ್ಣೇಲಿ ಅದ್ದಿ ಗಟ್ಟಿ ಮಾಡೋದು) 880 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿದೆ, ಇನ್ನೂ ಕೆಟ್ಟೋಯ್ತು, ರಿಟೇನ್ಡ್ ಆಸ್ಟೆನೈಟ್ (ಗಟ್ಟಿಯಾಗದೆ ಉಳಿಯೋ ಮೆತ್ತನೆ ಭಾಗ) ಜಾಸ್ತಿಯಾಯ್ತು, ಎರಡು ಪೀಸ್ ಎಣ್ಣೇಲೇ ಸೀಳಿದ್ವು. ಟೆಂಪರಿಂಗ್ (ಆಮೇಲೆ ಮತ್ತೆ ಹಗುರವಾಗಿ ಕಾಯಿಸಿ ಬಿರುಸು ಕಮ್ಮಿ ಮಾಡೋದು) 250 ಮಾಡಿದ್ರೆ ಹಾರ್ಡ್‌ನೆಸ್ 58ಕ್ಕೆ ಇಳೀತು.

ಕೊನೆಗೆ ಒಂದು ಪೀಸ್ ಕತ್ತರಿಸಿ ಪಾಲಿಶ್ ಮಾಡಿ ನೈಟಲ್ (ಒಳರಚನೆ ಕಾಣಿಸೋಕೆ ಹಚ್ಚೋ ನೈಟ್ರಿಕ್ ಆಸಿಡ್, ಆಲ್ಕೋಹಾಲ್ ಮಿಶ್ರಣ) ಹಚ್ಚಿ ಮೈಕ್ರೋಸ್ಕೋಪಲ್ಲಿ ನೋಡಿದಾಗ ಗೊತ್ತಾಯ್ತು, ಕಾರ್ಬೈಡ್ (ಸ್ಟೀಲ್ ಒಳಗಿನ ಗಟ್ಟಿ ಕಣ) ಗುಂಡಗಿಲ್ಲ, ಗ್ರೇನ್ (ಲೋಹದ ಹರಳು) ಅಂಚಲ್ಲಿ ಬಲೆ ಥರ ಕೂತಿದೆ, ಅಲ್ಲೇ ಬಿರುಕು ಬಿಟ್ಟು ಚಿಪ್ಪು ಏಳ್ತಿತ್ತು. ತೊಂದರೆ ಇದ್ದಿದ್ದು ಹಾರ್ಡನಿಂಗಲ್ಲಿ ಅಲ್ಲ, ಅದಕ್ಕಿಂತ ಮುಂಚೆ, ರೋಲರ್ ಮಾಡೋ ಸ್ಟೀಲ್ ಬಾರಲ್ಲೇ.

ಈಗ ಮಾಡೋದು ಹೀಗೆ: ಮೊದ್ಲು 900 ಡಿಗ್ರಿ ನಾರ್ಮಲೈಸಿಂಗ್, ಗಾಳೀಲಿ ತಣಿಸೋದು, ಬಲೆ ಒಡೆಯೋದು ಇಲ್ಲೇ. ಆಮೇಲೆ 790ಕ್ಕೆ ಕಾಯಿಸಿ ಗಂಟೆಗೆ 10 ಡಿಗ್ರಿ ಲೆಕ್ಕದಲ್ಲಿ 650ರವರೆಗೆ ಇಳಿಸ್ಬೇಕು (ರಾತ್ರಿ ಪೂರ್ತಿ ಹೋಗತ್ತೆ, ಅವಸರ ಮಾಡಿದ್ರೆ ಮತ್ತೆ ಅದೇ ಕಥೆ), ಆಗ ಕಾರ್ಬೈಡ್ ಗುಂಡಗಾಗತ್ತೆ. ಲೇತಲ್ಲಿ ಟರ್ನಿಂಗ್ ಆದ್ಮೇಲೆ 650ರಲ್ಲಿ ಪ್ರೀಹೀಟ್, 840ರಲ್ಲಿ 30 ನಿಮಿಷ, 60 ಡಿಗ್ರಿ ಎಣ್ಣೆಗೆ. ಕೈಯಲ್ಲಿ ಹಿಡಿಯೋಷ್ಟು ತಣ್ಣಗಾದ ತಕ್ಷಣ 170ರಲ್ಲಿ 2 ಗಂಟೆ ಟೆಂಪರ್, ನಾಳೆಗೆ ಅಂತ ಬಿಡ್ಬೇಡಿ. ಥರ್ಮೋಕಪಲ್ (ಶಾಖ ಅಳೆಯೋ ಸೆನ್ಸರ್) ಪೀಸ್ ಪಕ್ಕದಲ್ಲೇ ಇರ್ಲಿ, ನಮ್ಮ ಫರ್ನೇಸ್ ಡಿಸ್‌ಪ್ಲೇ 25 ಡಿಗ್ರಿ ಕಮ್ಮಿ ತೋರಿಸ್ತಿತ್ತು.

ಹೀಗೆ ಮಾಡಿದ ರೋಲರ್‌ಗಳು ಅದೇ ಮಷಿನಲ್ಲಿ ಎಂಟು ತಿಂಗಳಿಂದ ಓಡ್ತಿವೆ.