ರಾಜೀನಾಮೆ ಕೊನೆಗೆ ಕೊಡಿ: ಫ್ಯಾಕ್ಟರಿ ಬಿಟ್ಟು ಲಾರಿ ಹತ್ತುವವರಿಗೆ

ಕೊಪ್ಪಳದ ಗಿಣಿಗೇರಾ ಕಡೆ, ಅದಿರಿನಿಂದ ಸ್ಪಾಂಜ್ ಐರನ್ ಮಾಡುವ ಒಂದು ಫ್ಯಾಕ್ಟರಿಯಲ್ಲಿ 9 ವರ್ಷ ಕನ್ವೇಯರ್ ನೋಡಿಕೊಂಡಿದ್ದೆ. ಈಗ ನಾಲ್ಕು ವರ್ಷದಿಂದ ಹತ್ತು ಗಾಲಿಯ ಲಾರಿ ಓಡಿಸುತ್ತೇನೆ. ಕಾರಟಗಿ, ಗಂಗಾವತಿ ಮಿಲ್‌ಗಳ ಅಕ್ಕಿ ಬೆಂಗಳೂರಿಗೆ, ವಾಪಸ್ ಬರುವಾಗ ಸಿಕ್ಕ ಲೋಡ್. ಹಳೆಯ ಜೊತೆಗಾರರು ಗೇಟ್ ಮುಂದಿನ ಚಹಾ ಅಂಗಡಿಯಲ್ಲಿ ಸಿಕ್ಕಾಗ ಕೇಳುತ್ತಾರೆ, "ಅಣ್ಣಾ, ನಾನೂ ಬಿಟ್ಟು ಬರ್ಲಾ?" ಬನ್ನಿ ಅಂತಲೇ ಹೇಳುತ್ತೇನೆ. ಆದರೆ ಸಂಬಳ ಬರುತ್ತಿರುವಾಗಲೇ ಎಲ್ಲ ಕಲಿತುಕೊಳ್ಳಿ. ರಾಜೀನಾಮೆ ಕೊನೆಗೆ ಕೊಡಿ.

ಮೊದಲು ಕಣ್ಣು, ಕಿವಿ ತೋರಿಸಿ. ಹೆವಿ ಲೈಸೆನ್ಸ್‌ಗೆ ಡಾಕ್ಟರ್ ಸರ್ಟಿಫಿಕೇಟ್ ಬೇಕು, ಅದು ಫಾರ್ಮ್ 1ಎ. ವರ್ಷಗಟ್ಟಲೆ ಕಿಲ್ನ್ ಕುಲುಮೆಯ ಪಕ್ಕ, ಕ್ರಷರ್ ಸದ್ದಿನಲ್ಲಿ ನಿಂತವರ ಕಿವಿ ಎಷ್ಟು ಉಳಿದಿದೆ ಎಂದು ಮೊದಲೇ ಗೊತ್ತಾದರೆ ಒಳ್ಳೆಯದು. ಬಣ್ಣ ಗುರುತಿಸುವುದನ್ನೂ ನೋಡುತ್ತಾರೆ.

ಆಮೇಲೆ ಲೈಸೆನ್ಸ್. ಕಾರಿನ ಲೈಸೆನ್ಸ್, ಅಂದರೆ ಎಲ್‌ಎಂವಿ, ಸಿಕ್ಕು ಒಂದು ವರ್ಷ ಆಗಿರಬೇಕು. ವಯಸ್ಸು 20 ತುಂಬಿರಬೇಕು. ಆಗ ಮಾತ್ರ ಹೆವಿ ಎಲ್‌ಎಲ್‌ಆರ್, ಅಂದರೆ ಕಲಿಯುವವರ ಲೈಸೆನ್ಸ್, ಸಿಗುತ್ತದೆ. ಎಲ್‌ಎಲ್‌ಆರ್ ಆರು ತಿಂಗಳು ನಡೆಯುತ್ತದೆ, ಕನಿಷ್ಠ 30 ದಿನ ಕಳೆದ ಮೇಲೆ ಟೆಸ್ಟ್. ಡ್ರೈವಿಂಗ್ ಸ್ಕೂಲಿನವರು ಕೊಡುವ ತರಬೇತಿ ಸರ್ಟಿಫಿಕೇಟ್, ಫಾರ್ಮ್ 5, ಕೂಡ ಬೇಕು. ಹಾಗಾಗಿ ಇವತ್ತು ಮನಸ್ಸು ಮಾಡಿದರೂ, ಕಾರಿನ ಲೈಸೆನ್ಸ್ ಇಲ್ಲದವರಿಗೆ ಒಂದು ವರ್ಷದ ಮೇಲೇ ಹಿಡಿಯುತ್ತದೆ. ಆ ವರ್ಷ ಮನೆಯಲ್ಲಿ ಕೂತು ಕಳೆಯಬೇಡಿ, ಶಿಫ್ಟ್‌ನಲ್ಲಿ ಕಳೆಯಿರಿ. ಒಟ್ಟು ತೂಕ 7,500 ಕೆ.ಜಿ. ಮೀರದ ಸಣ್ಣ ಗೂಡ್ಸ್ ಗಾಡಿಯನ್ನು ಕಾರಿನ ಲೈಸೆನ್ಸ್‌ನಲ್ಲೇ ಓಡಿಸಬಹುದು ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೆಲವರಿಗೆ ಅಲ್ಲಿಂದ ಶುರು ಮಾಡುವುದೇ ಸರಿ.

ನಾನು ವಾರದ ರಜೆ, ಹಬ್ಬದ ರಜೆ ಜೋಡಿಸಿಕೊಂಡು ಎಂಟು ಟ್ರಿಪ್ ಕ್ಲೀನರ್ ಆಗಿ ಹೋದೆ. ಸ್ಟೇರಿಂಗ್ ಮುಟ್ಟಲಿಲ್ಲ, ಅದನ್ನು ಸ್ಕೂಲಿನ ಎಲ್ ಬೋರ್ಡ್ ಗಾಡಿಯಲ್ಲಿ ಕಲಿತೆ. ಟ್ರಿಪ್‌ನಲ್ಲಿ ಕಲಿತಿದ್ದು ಬೇರೆ. ಗಾಡಿ ಓಡಿಸುತ್ತಿದ್ದವರು ನಮ್ಮೂರಿನ ಹಿರಿಯರು, ನಾವು ಕಾಕಾ ಅಂತೀವಿ. ಮೊದಲ ದಿನ ಮಿಲ್ ಅಂಗಳದ ಕೆಸರಿನಲ್ಲಿ ನನ್ನನ್ನು ಇಳಿಸಿ, ಗಾಡಿ ತಿರುಗಿಸಿ ತೋರಿಸಿದರು. "ತಮ್ಮಾ, ಮುಂದಿನ ಗಾಲಿ ಎಲ್ಲಿ ಹೋತು, ಹಿಂದಿನ ಗಾಲಿ ಎಲ್ಲಿ ಹೋತು ನೋಡು." ಹಿಂದಿನ ಗಾಲಿಯ ಗುರುತು ತಿರುವಿನ ಒಳಗಡೆಗೆ ಎಷ್ಟೋ ಅಡಿ ಸರಿದಿತ್ತು. ಊರೊಳಗೆ ತಿರುವಿನಲ್ಲಿ ಬೈಕಿನವರು ಸಿಕ್ಕಿಬೀಳುವುದು ಅಲ್ಲೇ. ಈಗಲೂ ಎಡಕ್ಕೆ ತಿರುಗುವಾಗ ಕನ್ನಡಿ ನೋಡದೆ ನಾನು ಸ್ಟೇರಿಂಗ್ ಎಳೆಯುವುದಿಲ್ಲ.

ಫ್ಯಾಕ್ಟರಿ ಕಲಿಸಿದ್ದು ಇಲ್ಲಿ ತುಂಬಾ ಉಪಯೋಗಕ್ಕೆ ಬರುತ್ತದೆ. ಬೇರಿಂಗ್ ಸದ್ದು ಬದಲಾದರೆ ನಮಗೆ ತಟ್ಟನೆ ತಿಳಿಯುತ್ತದೆ, ಅಲ್ವಾ? ಗಾಡಿ ನಿಲ್ಲಿಸಿದಾಗಲೆಲ್ಲ ಒಂದು ಸುತ್ತು ಹಾಕಿ, ಪ್ರತಿ ಹಬ್ ಹತ್ತಿರ ಅಂಗೈಯ ಹಿಂಬದಿ ಹಿಡಿಯಿರಿ. ಒಂದು ಮಾತ್ರ ಜಾಸ್ತಿ ಬಿಸಿ ಇದ್ದರೆ ಬೇರಿಂಗ್ ಹೋಗುತ್ತಿದೆ, ಇಲ್ಲಾ ಬ್ರೇಕ್ ಹಿಡಿದುಕೊಂಡಿದೆ. ಜೋಡಿ ಟೈರ್ ನಡುವೆ ಕಲ್ಲು ಸಿಕ್ಕಿದೆಯಾ ನೋಡಿ. ಅಕ್ಕಿ ಲೋಡ್ ಆದರೆ ತಾಡಪತ್ರಿ ಕಟ್ಟುವುದನ್ನು ನೀವೇ ಕಲಿಯಿರಿ. ಎರಡು ಚೀಲ ನೆಂದರೂ ಕೇಳುವುದು ಡ್ರೈವರನ್ನೇ.

ಇಳಿಜಾರಿನ ಬಗ್ಗೆ ಬಳ್ಳಾರಿ, ರಾಯಚೂರಿನ ಬಯಲಿನಲ್ಲಿ ಕಲಿತವರಿಗೆ ಒಂದು ಮಾತು. ಯಲ್ಲಾಪುರ ದಾಟಿ ಅಂಕೋಲಾ ಕಡೆ ಅರಬೈಲ್ ಘಟ್ಟ ಇಳಿಯುವಾಗ ಯಾವ ಗೇರ್‌ನಲ್ಲಿ ಹತ್ತುತ್ತಿದ್ದಿರೋ ಅದೇ ಗೇರ್‌ನಲ್ಲಿ ಇಳಿಯಿರಿ. ಗೇರನ್ನು ಇಳಿಜಾರು ಶುರುವಾಗುವ ಮೊದಲೇ ಹಾಕಿ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿದರೆ ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕ್ ಲೈನರ್ ಕಾದು ಹಿಡಿತ ಬಿಡುತ್ತದೆ. ಪದೇ ಪದೇ ತುಳಿದರೆ ಬ್ರೇಕ್‌ಗೆ ಬೇಕಾದ ಟ್ಯಾಂಕಿನ ಗಾಳಿಯೂ ಇಳಿಯುತ್ತದೆ.

ಇನ್ನು ನಿದ್ದೆ. ಇದನ್ನು ಕೈಮುಗಿದು ಕೇಳುತ್ತೇನೆ, ಓದಿ. ಒಂಬತ್ತು ವರ್ಷ ನೈಟ್ ಶಿಫ್ಟ್ ಮಾಡಿದವನಿಗೆ ರಾತ್ರಿ ಏನು ಕಷ್ಟ ಎಂದುಕೊಂಡಿದ್ದೆ. ಫ್ಯಾಕ್ಟರಿಯಲ್ಲಿ ನಾವು ನಿಂತಿರುತ್ತೇವೆ, ಓಡಾಡುತ್ತೇವೆ, ಲೈಟ್ ಇರುತ್ತದೆ, ಪಕ್ಕದವನು ಮಾತಾಡಿಸುತ್ತಾನೆ. ಕ್ಯಾಬಿನ್‌ನಲ್ಲಿ ಕೂತಿರುತ್ತೇವೆ. ಮುಂದೆ ಕತ್ತಲು, ಇಂಜಿನ್ನಿನ ಒಂದೇ ಸದ್ದು. ಮೊದಲ ವರ್ಷ ವಿಜಯಪುರ ಕಡೆಯಿಂದ ಬರುವಾಗ, ಕುಷ್ಟಗಿ ದಾಟಿದ ಮೇಲೆ, ಮೂರೂವರೆ ಹೊತ್ತಿಗೆ ನನ್ನ ಕಣ್ಣು ತೆರೆದೇ ಇತ್ತು ಎಂದುಕೊಂಡಿದ್ದೆ. ಎಡಗಾಲಿ ಮಣ್ಣಿಗೆ ಇಳಿದು ಗಾಡಿ ಅದುರಿದಾಗ ಎಚ್ಚರವಾಯಿತು. ಎದುರಿಗಾಗಲಿ ಬದಿಗಾಗಲಿ ಯಾರೂ ಇರಲಿಲ್ಲ. ಗಾಡಿ ನಿಲ್ಲಿಸಿ ಕೆಳಗಿಳಿದೆ. ಕಾಲು ನಿಲ್ಲುತ್ತಿರಲಿಲ್ಲ.

ರಾತ್ರಿ ಎರಡರಿಂದ ಐದರ ಹೊತ್ತು ಮೈ ತಾನಾಗಿ ನಿದ್ದೆಗೆ ಎಳೆಯುತ್ತದೆ. ಕಿಟಕಿ ತೆರೆಯುವುದು, ಹಾಡು ಜೋರು ಮಾಡುವುದು, ಗುಟ್ಕಾ ಹಾಕುವುದು ನಿದ್ದೆಯನ್ನು ಕಳೆಯುವುದಿಲ್ಲ. ಆಕಳಿಕೆ ಮೇಲಿಂದ ಮೇಲೆ ಬಂದರೆ, ಈಗಷ್ಟೇ ದಾಟಿದ ಊರು ಯಾವುದೆಂದು ನೆನಪಾಗದಿದ್ದರೆ, ಜನ, ಬೆಳಕು ಇರುವ ಪಂಪಿನಲ್ಲಿ ನಿಲ್ಲಿಸಿ ಮಲಗಿ. ಇಪ್ಪತ್ತು ನಿಮಿಷ ಮಲಗಿದರೂ ಕೆಲಸ ಮಾಡುತ್ತದೆ, ಆದರೆ ಒಂದು ಗಂಟೆ ದೂಡಲು ಮಾತ್ರ. ನಾನು ಎರಡಕ್ಕೆ ನಿಲ್ಲಿಸಿ ಐದಕ್ಕೆ ಹೊರಡುತ್ತೇನೆ. ಕೆಲಸಕ್ಕೆ ಸೇರುವಾಗಲೇ ಮಾಲೀಕರಿಗೆ ಇದನ್ನು ಹೇಳಿ. ಒಪ್ಪದವರ ಗಾಡಿ ಹತ್ತಬೇಡಿ. ಕಾರಟಗಿಯಿಂದ ಬೆಂಗಳೂರು ಸುಮಾರು 400 ಕಿ.ಮೀ. ಸರಕು ಸಾಗಣೆಯ ಜಿಎಸ್‌ಟಿ ಕಾಗದ, ಅಂದರೆ ಇ-ವೇ ಬಿಲ್, ಇರುವ ಲೋಡ್‌ಗೂ 200 ಕಿ.ಮೀ.ಗೆ ಒಂದು ದಿನದ ಲೆಕ್ಕ, ಅಂದರೆ ಎರಡು ದಿನ ಸಿಗುತ್ತದೆ. ಅವಸರ ಕಾಗದದಲ್ಲಿ ಇಲ್ಲ.

ಮಾಲೀಕರ ಹತ್ತಿರ ಇನ್ನೂ ಕೇಳಬೇಕಾದ್ದಿದೆ. ತಿಂಗಳ ಸಂಬಳವೋ, ಟ್ರಿಪ್ ಲೆಕ್ಕವೋ? ಅನ್‌ಲೋಡ್ ತಡವಾಗಿ ಎರಡು ದಿನ ನಿಂತರೆ ಊಟದ ಖರ್ಚು ಯಾರದು? ಪಂಕ್ಚರ್, ಪೊಲೀಸ್ ಕೇಸು ಯಾರ ಲೆಕ್ಕ? ಇನ್ಶುರೆನ್ಸ್, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಪರ್ಮಿಟ್ ತಾರೀಖು ನೀವೇ ಓದಿ. ಓವರ್‌ಲೋಡ್‌ಗೆ ಕಾಯ್ದೆಯಲ್ಲಿ 20,000 ರೂಪಾಯಿ ದಂಡ, ಮೇಲಿನ ಪ್ರತಿ ಟನ್‌ಗೆ 2,000. ವೇಬ್ರಿಡ್ಜ್ ಚೀಟಿ ನೋಡದೆ ಹೊರಡಬೇಡಿ.

ಪಿಎಫ್ ಹಣ ಬಿಡಿಸಿ, ಮೇಲೆ ಸಾಲ ಮಾಡಿ ಸ್ವಂತ ಲಾರಿ ತರುವ ಆಸೆ ಎಲ್ಲರಿಗೂ ಇದೆ. ಎರಡು ವರ್ಷ ತಡೆಯಿರಿ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ, ಅದಿರನ್ನೇ ನಂಬಿ ಗಾಡಿ ತಂದವರು ಲೋಡ್ ಇಲ್ಲದೆ ಕಂತು ಕಟ್ಟಲು ಒದ್ದಾಡಿದ್ದು ನಮ್ಮ ಕಡೆಯವರಿಗೆ ಗೊತ್ತು.

ಪಿಎಫ್‌ನಲ್ಲಿ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಪಿಂಚಣಿ ಸಿಗಲು 10 ವರ್ಷ ಸೇವೆ ಆಗಿರಬೇಕು. ನಾನು 9ಕ್ಕೆ ಬಿಟ್ಟು, ಪಿಂಚಣಿ ದುಡ್ಡನ್ನೂ ಬಿಡಿಸಿಕೊಂಡೆ. ಅದರ ಬದಲು ಸೇವೆಯ ಲೆಕ್ಕ ಉಳಿಸುವ ಸ್ಕೀಮ್ ಸರ್ಟಿಫಿಕೇಟ್ ತೆಗೆದುಕೊಂಡಿದ್ದರೆ ಮುಂದೆ ಪಿಎಫ್ ಇರುವ ಕೆಲಸ ಸಿಕ್ಕಾಗ ಆ 9 ವರ್ಷ ಸೇರುತ್ತಿತ್ತು. ಯಾರೂ ಹೇಳಲಿಲ್ಲ. ಕಾಯಂ ಕೆಲಸದಲ್ಲಿ 5 ವರ್ಷ ತುಂಬಿದ್ದರೆ ಗ್ರಾಚ್ಯುಟಿ ಕೇಳಿ, ವರ್ಷಕ್ಕೆ 15 ದಿನದ ಸಂಬಳದಂತೆ. ಇಎಸ್‌ಐ ಸೌಲಭ್ಯವೂ ಮುಂದೆ ಇರುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಚಿಕಿತ್ಸೆ ನಡೆಯುತ್ತಿದ್ದರೆ ಆಯುಷ್ಮಾನ್ ಕಾರ್ಡ್ ಮೊದಲೇ ಮಾಡಿಸಿಡಿ.

ಬಿಡುವ ದಿನ ರಿಲೀವಿಂಗ್ ಪತ್ರ ಕೈಗೆ ತೆಗೆದುಕೊಳ್ಳಿ. ಆಮೇಲೆ ಪಿಎಫ್ ಖಾತೆಯಲ್ಲಿ ಕೆಲಸ ಬಿಟ್ಟ ತಾರೀಖು ಬಂದಿದೆಯಾ ಎಂದು ಮೊಬೈಲ್‌ನಲ್ಲೇ ನೋಡಿ. ನನ್ನ ಜೊತೆ ಬಿಟ್ಟ ಹುಡುಗ ಇದನ್ನು ನೋಡಿರಲಿಲ್ಲ. ಆ ಒಂದು ತಾರೀಖಿಗಾಗಿ ಲೋಡ್ ಬಿಟ್ಟು ಮೂರು ಸಲ ಗೇಟ್‌ಗೆ ಬಂದು ನಿಂತಿದ್ದ.